ಒಂದೇ ಸರ್ವರ್, ಮೂರು ದಾರಿ: ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಲಿಕೆಯನ್ನು ಎಲ್ಲಿಂದ ಶುರುಮಾಡಬೇಕು?

ಸಿಸ್ಟಮ್ಸ್ ಪ್ರೋಗ್ರಾಮಿಂಗ್ (ಆಪರೇಟಿಂಗ್ ಸಿಸ್ಟಂ ಮತ್ತು ಯಂತ್ರದ ಮಟ್ಟಕ್ಕೆ ಹತ್ತಿರದ ಪ್ರೋಗ್ರಾಮಿಂಗ್) ಕಲಿಯಲು ಯಾವ ಪುಸ್ತಕ ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ತೊಡಕೇನೆಂದರೆ, ಆ ಹತ್ತೂ ಒಳ್ಳೆಯ ಪುಸ್ತಕಗಳೇ ಆಗಿರುತ್ತವೆ. ಒಂದೊಂದೂ ಕಂಪ್ಯೂಟರನ್ನು ಒಂದೊಂದು ಕಡೆಯಿಂದ ಬಿಚ್ಚುತ್ತಾ ಹೋಗಿ, ಎಲ್ಲೋ ಒಂದು ಕಡೆ ‘ಇನ್ನು ಮುಂದಿನದು ನಮ್ಮ ವಿಷಯವಲ್ಲ’ ಎಂದು ನಿಂತುಬಿಡುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅರ್ಧ ಓದಿದ ಮೇಲೆ ನಮಗೇ ಗೊತ್ತಾಗುತ್ತದೆ. ಇಲ್ಲಿನ ಹೋಲಿಕೆ ಆ ನಿಲುಗಡೆಗಳ ಬಗ್ಗೆ.

ಹೋಲಿಸಲು ಒಂದು ಅಳತೆಗೋಲು ಬೇಕು. ಎಕೋ ಸರ್ವರ್ ಎಂಬ ಪುಟ್ಟ ಪ್ರೋಗ್ರಾಂ ತೆಗೆದುಕೊಳ್ಳೋಣ. ಪಕ್ಕದ ಕಂಪ್ಯೂಟರಿನಿಂದ ಯಾರಾದರೂ ‘ನಮಸ್ಕಾರ’ ಎಂದು ಕಳುಹಿಸಿದರೆ ಅದನ್ನೇ ಮರಳಿಸುವುದಷ್ಟೇ ಅದರ ಕೆಲಸ. ಸಿ ಭಾಷೆಯಲ್ಲಿ ನೂರು ಸಾಲು ತುಂಬುವುದಿಲ್ಲ. ಆದರೂ ಮೆಮೊರಿ, ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ), ನೆಟ್‌ವರ್ಕ್ ಮೂರೂ ಅದರೊಳಗಿವೆ: ಬಂದದ್ದನ್ನು ಹಿಡಿದಿಡಲು ಬಫರ್ ಬೇಕು, ಏಕಕಾಲಕ್ಕೆ ಹಲವರನ್ನು ವಿಚಾರಿಸಿಕೊಳ್ಳಲು ಮರಿ ಪ್ರೊಸೆಸ್‌ಗಳು ಹುಟ್ಟಬೇಕು, ಹೊರಗಿನವರೊಂದಿಗೆ ಮಾತಾಡಲು ಸಾಕೆಟ್ ಬೇಕು. ಈ ನೂರು ಸಾಲನ್ನು ಮೂರು ದಾರಿಗಳು ಹೇಗೆ ಕಾಣುತ್ತವೆ ಎಂದು ನೋಡಿದರೆ ಅವುಗಳ ಅಂತರ ತಾನೇ ಬಯಲಾಗುತ್ತದೆ.

ಕೆಳಗಿನಿಂದ ಮೇಲಕ್ಕೆ: ಕಾರ್ನೆಗಿ ಮೆಲಾನ್ ಪದ್ಧತಿ

ಅಮೆರಿಕದ ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದಲ್ಲಿ 15-213 ಎಂಬ ಸಂಖ್ಯೆಯ ಒಂದು ಹೆಸರಾಂತ ಕೋರ್ಸ್ ಇದೆ. ಅದರ ಪಠ್ಯ ರ‍್ಯಾಂಡಲ್ ಬ್ರಯಂಟ್ ಮತ್ತು ಡೇವಿಡ್ ಒ’ಹ್ಯಾಲರನ್ ಬರೆದ ‘ಕಂಪ್ಯೂಟರ್ ಸಿಸ್ಟಮ್ಸ್: ಎ ಪ್ರೋಗ್ರಾಮರ್ಸ್ ಪರ್ಸ್‌ಪೆಕ್ಟಿವ್’, ಸಿಎಸ್‌ಎಪಿಪಿ ಎಂಬ ಗಿಡ್ಡ ಹೆಸರಿನಲ್ಲೇ ಹೆಚ್ಚು ಪರಿಚಿತ. ಬಿಟ್ ಮತ್ತು ಬೈಟ್‌ಗಳಿಂದ ಹೊರಟು ಅಸೆಂಬ್ಲಿ, ಕ್ಯಾಶ್, ಲಿಂಕಿಂಗ್, ಪ್ರೊಸೆಸ್, ವರ್ಚುವಲ್ ಮೆಮೊರಿಗಳನ್ನು ಹಾದು ಕೊನೆಯ ಎರಡು ಅಧ್ಯಾಯಗಳಲ್ಲಿ ನೆಟ್‌ವರ್ಕ್ ಮತ್ತು ಏಕಕಾಲಿಕ ಪ್ರೋಗ್ರಾಮಿಂಗ್‌ಗೆ ಬರುತ್ತದೆ.

ಪುಸ್ತಕ ಒಳ್ಳೆಯದೇ. ಆದರೆ ನಿಜವಾದ ಆಸ್ತಿ ಅದರ ಲ್ಯಾಬ್‌ಗಳು, ಮತ್ತು ಸ್ವಂತವಾಗಿ ಕಲಿಯುವವರಿಗೂ ಅವು ಉಚಿತವಾಗಿ ಸಿಗುತ್ತವೆ. ಬಾಂಬ್ ಲ್ಯಾಬ್‌ನಲ್ಲಿ ನಿಮ್ಮ ಕೈಗೆ ಮೂಲ ಕೋಡ್ ಸಿಗುವುದಿಲ್ಲ, ಕಂಪೈಲ್ ಆದ ಪ್ರೋಗ್ರಾಂ ಮಾತ್ರ. ಅದು ಆರು ಹಂತಗಳಲ್ಲಿ ಆರು ರಹಸ್ಯ ಸಾಲುಗಳನ್ನು ಕೇಳುತ್ತದೆ. ತಪ್ಪಿದರೆ ಪರದೆಯ ಮೇಲೆ ಸ್ಫೋಟ. ಡಿಬಗರ್ ಹಿಡಿದು ಅಸೆಂಬ್ಲಿ ಓದದೆ ಬೇರೆ ಉಪಾಯವೇ ಇಲ್ಲ. ಅಟ್ಯಾಕ್ ಲ್ಯಾಬ್ ಇನ್ನೂ ಒಂದು ಹೆಜ್ಜೆ ಮುಂದೆ: ಬಫರ್‌ಗೆ ಹಿಡಿಸುವುದಕ್ಕಿಂತ ಹೆಚ್ಚು ಬೈಟ್ ತುಂಬಿ, ಸ್ಟ್ಯಾಕ್ ಮೇಲಿನ ಮರಳುವ ವಿಳಾಸವನ್ನು ಅಳಿಸಿ ಬರೆದು, ಪ್ರೋಗ್ರಾಂ ತಾನು ಹೋಗಬಾರದ ಕಡೆಗೆ ಜಿಗಿಯುವಂತೆ ಮಾಡಬೇಕು. ನಮ್ಮ ಎಕೋ ಸರ್ವರ್‌ನಲ್ಲಿ 64 ಬೈಟ್‌ನ ಬಫರ್ ಇಟ್ಟು 512 ಬೈಟ್ ಓದಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಮನದಟ್ಟಾಗುವ ಉತ್ತರ ನನಗೆ ಗೊತ್ತಿಲ್ಲ. ಇನ್ನು ಮ್ಯಾಲಕ್ (ಪ್ರೋಗ್ರಾಂ ಕೇಳಿದಾಗ ಮೆಮೊರಿ ಕೊಡುವ ಫಂಕ್ಷನ್) ಲ್ಯಾಬ್. ಒಂದೇ ಒಂದು ಬೈಟ್ ಕೇಳಿದರೂ 64 ಬಿಟ್ ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ 32 ಬೈಟ್‌ಗಳ ತುಂಡನ್ನು ಮೀಸಲಿಡುತ್ತದೆ. ಯಾಕೆ ಎಂದು ವ್ಯಾಖ್ಯಾನ ಓದಿ ತಿಳಿಯುವುದಕ್ಕೂ, ಸ್ವತಃ ಒಂದು ಮ್ಯಾಲಕ್ ಬರೆದು, ವೇಗಕ್ಕೂ ಜಾಗದ ಮಿತವ್ಯಯಕ್ಕೂ ನಡುವಿನ ಎಳೆದಾಟದಲ್ಲಿ ಸಿಕ್ಕಿ ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಈ ದಾರಿ ನಿಲ್ಲುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಬಾಗಿಲಲ್ಲಿ. ಮರಿ ಪ್ರೊಸೆಸ್ ಹುಟ್ಟಿಸುವ ಫೋರ್ಕ್ ಕರೆದರೆ ಏನಾಗುತ್ತದೆಂದು ಅಚ್ಚುಕಟ್ಟಾಗಿ ಹೇಳುತ್ತದೆ, ಹೇಗೆ ಆಗುತ್ತದೆಂದು ತೋರಿಸುವುದಿಲ್ಲ. ನೆಟ್‌ವರ್ಕ್ ಭಾಗವೂ ಕಿರಿದು. ಸಾಕೆಟ್‌ನ ಕಿರಿಕಿರಿಗಳನ್ನು ಲೇಖಕರು ತಮ್ಮದೇ ಸಹಾಯಕ ಫಂಕ್ಷನ್‌ಗಳೊಳಗೆ ಮಡಚಿಟ್ಟಿದ್ದಾರೆ. ಪಾಠಕ್ಕೆ ಅನುಕೂಲ, ಕಲಿಯುವವನಿಗೆ ಅರ್ಧ ನಷ್ಟ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮೂರನೆಯ ಆವೃತ್ತಿಯ ‘ಗ್ಲೋಬಲ್ ಎಡಿಷನ್’ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಅದರ ಅಭ್ಯಾಸ ಪ್ರಶ್ನೆಗಳನ್ನು ಪ್ರಕಾಶಕರು ಬೇರೆಯವರಿಂದ ಬರೆಯಿಸಿದ್ದಾರೆ, ಅವುಗಳಲ್ಲಿ ತಪ್ಪುಗಳು ವಿಪರೀತ ಎಂದು ಮೂಲ ಲೇಖಕರೇ ಹೇಳಿಕೊಂಡಿದ್ದಾರೆ. ಉತ್ತರ ಹೊಂದುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವ ಮೊದಲು ಮುಖಪುಟ ನೋಡಿಕೊಳ್ಳಿ.

ಕರ್ನಲ್ ಒಳಹೊಕ್ಕು: ಎಕ್ಸ್‌ವಿ6

1975ರ ಆರನೆಯ ಆವೃತ್ತಿಯ ಯುನಿಕ್ಸ್ ಅನ್ನು ಆಧರಿಸಿ ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಬರೆದ ಆಪರೇಟಿಂಗ್ ಸಿಸ್ಟಂ ಎಕ್ಸ್‌ವಿ6. ಮೊದಲು ಎಕ್ಸ್86 ಪ್ರೊಸೆಸರಿಗೆ ಬರೆದದ್ದು, 2019ರಲ್ಲಿ ರಿಸ್ಕ್-ಫೈವ್ ಎಂಬ ಇನ್ನೊಂದು ಪ್ರೊಸೆಸರಿಗೆ ಬದಲಾಯಿತು. ಲಿನಕ್ಸ್ ಕರ್ನಲ್ ಕೋಟಿಗಟ್ಟಲೆ ಸಾಲುಗಳ ಅಡವಿ. ಇದು ಹತ್ತು ಸಾವಿರ ಸಾಲಿನೊಳಗೆ ಮುಗಿಯುತ್ತದೆ. ಪೂರ್ತಿ ಓದಿ ಮುಗಿಸಬಹುದಾದ ಆಪರೇಟಿಂಗ್ ಸಿಸ್ಟಂ ಎಂಬುದೇ ಅದರ ಹಿರಿಮೆ.

ಜೊತೆಗೆ ಓದಲು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಪಾಚಿ-ಡ್ಯೂಸೊ ದಂಪತಿಯ ‘ಆಪರೇಟಿಂಗ್ ಸಿಸ್ಟಮ್ಸ್: ತ್ರೀ ಈಸಿ ಪೀಸಸ್’ ಇದೆ, ಅಧ್ಯಾಯವಾರು ಉಚಿತ. ಸಣ್ಣ ಅಧ್ಯಾಯಗಳು, ನಡುನಡುವೆ ಗುರು ಶಿಷ್ಯರ ಸಂಭಾಷಣೆ. ಇಲ್ಲಿ ಹೆಸರಿಸುವ ಪುಸ್ತಕಗಳೆಲ್ಲ ಇಂಗ್ಲಿಷಿನವೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅವುಗಳಲ್ಲಿ ಅತ್ಯಂತ ಸಲೀಸಾಗಿ ಓದಿಸಿಕೊಳ್ಳುವುದು ಇದು. ಸಿಎಸ್‌ಎಪಿಪಿಯ ವಾಕ್ಯಗಳು ಇದಕ್ಕಿಂತ ಬಿಗಿ.

ಎಕೋ ಸರ್ವರ್‌ಗೆ ಬರೋಣ. ಗ್ರಾಹಕನೊಬ್ಬ ಬಂದಾಗ ಸರ್ವರ್ ಫೋರ್ಕ್ ಕರೆಯುತ್ತದೆ. ಒಮ್ಮೆ ಕರೆದ ಫಂಕ್ಷನ್ ಎರಡು ಬಾರಿ ಮರಳುತ್ತದೆ: ತಾಯಿ ಪ್ರೊಸೆಸ್‌ಗೆ ಮರಿಯ ಸಂಖ್ಯೆ, ಮರಿಗೆ ಸೊನ್ನೆ. ಹೊಸಬರನ್ನು ಇಷ್ಟು ಗಲಿಬಿಲಿಗೊಳಿಸುವ ಸಂಗತಿ ಬೇರೊಂದಿಲ್ಲ. ಎಕ್ಸ್‌ವಿ6ನ ಫೋರ್ಕ್ ತೆರೆದು ನೋಡಿ. ಹೊಸ ಪ್ರೊಸೆಸ್‌ಗೆ ಒಂದು ಜಾಗ ಹುಡುಕುತ್ತದೆ (ಒಟ್ಟು ಇರುವುದೇ 64 ಜಾಗ), ತಾಯಿಯ ಮೆಮೊರಿಯನ್ನು ನಕಲಿಸುತ್ತದೆ, ರಿಜಿಸ್ಟರ್‌ಗಳನ್ನು (ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹಸ್ಥಾನಗಳು) ನಕಲಿಸುತ್ತದೆ, ಆಮೇಲೆ ಮರಿಯ ಎ0 ರಿಜಿಸ್ಟರ್‌ನಲ್ಲಿ ಸೊನ್ನೆ ಬರೆಯುತ್ತದೆ. ರಿಸ್ಕ್-ಫೈವ್‌ನಲ್ಲಿ ಫಂಕ್ಷನ್ ಮರಳಿಸುವ ಬೆಲೆ ಇರುವುದು ಎ0ದಲ್ಲೇ. ಇಡೀ ಮಾಯೆ ಒಂದು ಸಾಲಿನ ಕೋಡ್! ಸಿಎಸ್‌ಎಪಿಪಿ ನಿಂತ ಬಾಗಿಲಿನ ಆಚೆಗೆ ಇರುವುದು ಇಂಥವು.

ಪ್ರೋಗ್ರಾಂ ಕಾಣುವ ವರ್ಚುವಲ್ ವಿಳಾಸವನ್ನು ನಿಜವಾದ ಮೆಮೊರಿಯ ವಿಳಾಸಕ್ಕೆ ಜೋಡಿಸುವ ಪುಟಕೋಷ್ಟಕಗಳ ವಿಷಯದಲ್ಲೂ ಇದೇ ಕಥೆ. 39 ಬಿಟ್‌ಗಳ ವರ್ಚುವಲ್ ವಿಳಾಸದಲ್ಲಿ ಒಂಬತ್ತೊಂಬತ್ತು ಬಿಟ್‌ಗಳ ಮೂರು ತುಂಡುಗಳು ಮೂರು ಮಜಲುಗಳ ಕೋಷ್ಟಕವನ್ನು ಹತ್ತಿಸುತ್ತವೆ, ಉಳಿದ 12 ಬಿಟ್‌ಗಳು 4096 ಬೈಟ್‌ಗಳ ಪುಟದೊಳಗಿನ ಸ್ಥಾನವನ್ನು ತಿಳಿಸುತ್ತವೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟಿದ್ದಾರೆ. ಎಕ್ಸ್‌ವಿ6ನಲ್ಲಿ ಆ ಹತ್ತುವಿಕೆಯನ್ನು ಮಾಡುವ ಪುಟ್ಟ ಫಂಕ್ಷನ್ ಅನ್ನು ಓದಬಹುದು, ತಿದ್ದಬಹುದು, ಕೆಡಿಸಬಹುದು. ಮೂಲ ಎಕ್ಸ್‌ವಿ6ನ ಫೋರ್ಕ್ ಇಡೀ ಮೆಮೊರಿಯನ್ನು ನಕಲಿಸುವ ದುಂದುಗಾರ. ತಾಯಿ ಮರಿಗಳೆರಡೂ ಒಂದೇ ಪುಟವನ್ನು ಹಂಚಿಕೊಂಡು, ಯಾರಾದರೂ ಬರೆಯಲು ಹೊರಟಾಗ ಮಾತ್ರ ನಕಲಿಸುವಂತೆ ಅದನ್ನು ಸುಧಾರಿಸುವುದು ಎಂಐಟಿ ಲ್ಯಾಬ್‌ಗಳಲ್ಲೊಂದು. ಲಿನಕ್ಸ್ ಮಾಡುವುದು ಅದನ್ನೇ.

ನೆಟ್‌ವರ್ಕ್ ವಿಷಯಕ್ಕೆ ಬಂದರೆ ಈ ದಾರಿ ವಿಚಿತ್ರವಾಗಿದೆ. ಎಂಐಟಿ ಲ್ಯಾಬ್‌ಗಳಲ್ಲಿ ಇ1000 ಎಂಬ ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಬರೆಯುವ ಕೆಲಸವಿದೆ: ಪ್ಯಾಕೆಟ್ ಕಾರ್ಡಿನಿಂದ ಮೆಮೊರಿಗೆ ಇಳಿಯುವುದನ್ನು ನೀವೇ ನಡೆಸಬೇಕು. ಅಷ್ಟು ಆಳಕ್ಕೆ ಉಳಿದೆರಡು ದಾರಿಗಳು ಇಳಿಯುವುದೇ ಇಲ್ಲ. ಆದರೆ ಟಿಸಿಪಿ (ಬೈಟ್‌ಗಳನ್ನು ಕ್ರಮವಾಗಿ, ನಷ್ಟವಿಲ್ಲದೆ ತಲುಪಿಸುವ ನೆಟ್‌ವರ್ಕ್ ನಿಯಮಾವಳಿ) ಸಾಕೆಟ್ ಬಳಸಿ ದಿನನಿತ್ಯದ ಸರ್ವರ್ ಬರೆಯುವುದನ್ನು ಇದು ಕಲಿಸುವುದಿಲ್ಲ.

ನಮ್ಮಲ್ಲಿ ಎನ್‌ಪಿಟಿಇಎಲ್‌ನ ಐಐಟಿ ಮದ್ರಾಸ್ ಪಾಠಗಳೂ, ಐಐಟಿ ಬಾಂಬೆಯ ಉಪನ್ಯಾಸಗಳೂ ಎಕ್ಸ್‌ವಿ6 ಇಟ್ಟುಕೊಂಡೇ ಸಾಗುತ್ತವೆ, ಚೆನ್ನಾಗಿವೆ. ಆದರೆ ಅವುಗಳಲ್ಲಿ ಬಳಸಿರುವುದು ಹಳೆಯ ಎಕ್ಸ್86 ಆವೃತ್ತಿ. ವಿಡಿಯೊ ಅಲ್ಲಿಯದು, ಕೋಡ್ ಎಂಐಟಿಯ ಹೊಸದು ಎಂದು ಬೆರಕೆ ಮಾಡಿಕೊಂಡರೆ ಒಂದೂ ಸಾಲು ತಾಳೆಯಾಗುವುದಿಲ್ಲ. ಒಂದನ್ನು ಹಿಡಿದು ಅದರ ಜೊತೆಗೇ ಕೊನೆಯವರೆಗೆ ಹೋಗುವುದು ಕ್ಷೇಮ.

ಲಿನಕ್ಸ್‌ನ ಹೊಸ್ತಿಲಿನಿಂದ: ಸಾಕೆಟ್ ಮತ್ತು ಸಿಸ್ಟಂ ಕಾಲ್

ಮೂರನೆಯ ದಾರಿಗೆ ವಿಶ್ವವಿದ್ಯಾಲಯದ ಮುದ್ರೆಯಿಲ್ಲ. ‘ಬೀಜ್ಸ್ ಗೈಡ್ ಟು ನೆಟ್‌ವರ್ಕ್ ಪ್ರೋಗ್ರಾಮಿಂಗ್’ ಎಂಬ ಉಚಿತ ಕೈಪಿಡಿ, ಮೈಕೆಲ್ ಕೆರಿಸ್ಕ್ 2010ರಲ್ಲಿ ಹೊರತಂದ ‘ದಿ ಲಿನಕ್ಸ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್’ ಎಂಬ ಸಾವಿರದ ಐನೂರು ಪುಟಗಳ ಗ್ರಂಥ, ಮತ್ತು ಪ್ರತಿ ಲಿನಕ್ಸ್ ಯಂತ್ರದಲ್ಲೂ ಇರುವ ಮ್ಯಾನ್ (ಕೈಪಿಡಿ) ಪುಟಗಳು. ಕೆರಿಸ್ಕ್ ಆ ಮ್ಯಾನ್ ಪುಟಗಳನ್ನು ವರ್ಷಗಟ್ಟಲೆ ನಿರ್ವಹಿಸಿದವರು. ಪುಸ್ತಕದ ನಿಖರತೆಯ ಗುಟ್ಟು ಅದೇ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲು ಕೂರಬೇಡಿ. ಅದು ನಿಘಂಟಿನಂತೆ ಪಕ್ಕದಲ್ಲಿರಬೇಕಾದದ್ದು.

ಇಲ್ಲಿ ಮೊದಲ ದಿನವೇ ಎಕೋ ಸರ್ವರ್ ಓಡುತ್ತದೆ. ಪಾಠ ಶುರುವಾಗುವುದು ಅದು ಕೆಟ್ಟಾಗ, ಮತ್ತು ಅದು ಒಂದು ಕ್ರಮದಲ್ಲೇ ಕೆಡುತ್ತದೆ.

ಮೊದಲು, ನಿಲ್ಲಿಸಿ ಮತ್ತೆ ಶುರುಮಾಡಿದರೆ ‘ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂಬ ದೂರು. ಸಂಪರ್ಕವನ್ನು ಮೊದಲು ಮುಚ್ಚಿದ ಕಡೆಯಲ್ಲಿ ಟಿಸಿಪಿ ಅದರ ಗುರುತನ್ನು ಟೈಮ್-ವೇಟ್ ಎಂಬ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಉಳಿಸಿಕೊಳ್ಳುತ್ತದೆ, ಲಿನಕ್ಸ್‌ನಲ್ಲಿ 60 ಸೆಕೆಂಡ್. ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ನುಗ್ಗದಿರಲೆಂದು ಈ ಏರ್ಪಾಡು. ರೀಯೂಸ್-ಅಡ್ರೆಸ್ ಎಂಬ ಸಾಕೆಟ್ ಆಯ್ಕೆಯಿಂದ ಇದು ಬಗೆಹರಿಯುತ್ತದೆ. ಆದರೆ ಕಾರಣ ಹುಡುಕಿದವನಿಗೆ ಟಿಸಿಪಿಯ ಸ್ಥಿತಿಚಿತ್ರದ ಅರ್ಧ ಭಾಗ ತಿಳಿದಿರುತ್ತದೆ.

ಆಮೇಲೆ, ಪ್ರೊಸೆಸ್ ಪಟ್ಟಿಯ ತುಂಬ ಸತ್ತ ಮರಿಗಳು. ಮರಿ ಪ್ರೊಸೆಸ್ ಮುಗಿದರೂ ತಾಯಿ ವೇಟ್ ಕರೆದು ಅದರ ಅಂತಿಮ ಸ್ಥಿತಿಯನ್ನು ಕೇಳಿಕೊಳ್ಳುವವರೆಗೆ ಕರ್ನಲ್ ಅದರ ದಾಖಲೆಯನ್ನು ಅಳಿಸುವುದಿಲ್ಲ. ಇವುಗಳಿಗೆ ಜೋಂಬಿ ಎಂದು ಹೆಸರು. ಮರಿ ಸತ್ತಾಗ ಬರುವ ಸಿಗ್ನಲ್ ಹಿಡಿದು ವೇಟ್ ಮಾಡಿದರಾಯಿತು ಎಂದುಕೊಂಡರೆ ಇನ್ನೊಂದು ಹೊಂಡ ಕಾದಿದೆ: ಈ ಸಿಗ್ನಲ್‌ಗಳು ಸಾಲುಗಟ್ಟಿ ನಿಲ್ಲುವುದಿಲ್ಲ. ಮೂರು ಮರಿಗಳು ಒಟ್ಟಿಗೆ ಸತ್ತರೂ ಸುದ್ದಿ ಒಂದೇ ಬರಬಹುದು, ಹಾಗಾಗಿ ಪ್ರತಿ ಬಾರಿ ಲೂಪ್ ಹಾಕಿ ಎಲ್ಲವನ್ನೂ ವಿಚಾರಿಸಬೇಕು.

ಮೂರನೆಯದು ಹೆಚ್ಚು ನಯವಂಚಕ. ಫೋರ್ಕ್ ಆದ ಮೇಲೆ ಸಂಪರ್ಕದ ಸಾಕೆಟ್ ತಾಯಿ, ಮರಿ ಇಬ್ಬರ ಕೈಯಲ್ಲೂ ತೆರೆದಿರುತ್ತದೆ. ತಾಯಿ ತನ್ನ ಪ್ರತಿಯನ್ನು ಮುಚ್ಚದಿದ್ದರೆ, ಮರಿ ಮುಗಿಸಿ ಹೋದರೂ ಆ ಕಡೆಯ ಗ್ರಾಹಕನಿಗೆ ಸಂಪರ್ಕ ಮುಗಿದ ಸೂಚನೆ ಹೋಗುವುದೇ ಇಲ್ಲ. ಅವನು ಕಾಯುತ್ತಲೇ ಇರುತ್ತಾನೆ. ಇತ್ತ ಸರ್ವರ್ ಒಂದೊಂದೇ ಡಿಸ್ಕ್ರಿಪ್ಟರ್ (ತೆರೆದ ಸಾಕೆಟ್‌ನ ಗುರುತುಸಂಖ್ಯೆ) ಸೋರಿಸಿಕೊಳ್ಳುತ್ತಾ ಹೋಗಿ, ಸಾಮಾನ್ಯ ಮಿತಿಯಾದ 1024 ತಲುಪಿದಾಗ ಹೊಸಬರನ್ನು ಸೇರಿಸಿಕೊಳ್ಳಲಾಗದೆ ನಿಲ್ಲುತ್ತದೆ. ಪರೀಕ್ಷೆ ಮಾಡುವಾಗ ಐದಾರು ಸಂಪರ್ಕಗಳಲ್ಲಿ ಇದು ಕಾಣಿಸದು.

ಕೊನೆಗೆ, ನೆಟ್‌ವರ್ಕ್‌ನ ಮೂಲಪಾಠ. ಟಿಸಿಪಿ ಒಯ್ಯುವುದು ಸಂದೇಶಗಳನ್ನಲ್ಲ, ಬೈಟ್‌ಗಳ ಧಾರೆಯನ್ನು. ‘ನಮಸ್ಕಾರ’ದಲ್ಲಿ ಯುನಿಕೋಡ್‌ನ ಏಳು ಸಂಕೇತಗಳಿವೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಒಟ್ಟು 21. ಒಮ್ಮೆಗೇ ಕಳುಹಿಸಿದ ಈ 21 ಬೈಟ್‌ಗಳು ಒಂದು ಓದಿನಲ್ಲಿ ಹತ್ತು, ಇನ್ನೊಂದರಲ್ಲಿ ಹನ್ನೊಂದು ಎಂದು ಬರಬಹುದು. ಆಗ ಮೊದಲ ಕಂತಿನಲ್ಲಿ ಸಿಗುವುದು ‘ನಮಸ’ ಮತ್ತು ಮುಂದಿನ ಸಂಕೇತದ ಮೂರನೆಯ ಒಂದು ಪಾಲು. ಎಕೋ ಸರ್ವರ್ ಬಂದಷ್ಟನ್ನು ಮರಳಿಸುವ ಕಾರಣ ಬಚಾವು. ಅದನ್ನೇ ಸಾಲಿನಿಂದ ಸಾಲಿಗೆ ಓದಿ ಉತ್ತರಿಸುವಂತೆ ಬದಲಿಸಿದ ಕೂಡಲೇ ಬಣ್ಣ ಬಯಲು. ಒಂದೇ ಯಂತ್ರದೊಳಗೆ ಪರೀಕ್ಷಿಸಿದರೆ ಹೆಚ್ಚಿನ ಬಾರಿ ಪೂರ್ತಿಯಾಗಿಯೇ ಬರುವುದರಿಂದ ತಪ್ಪು ಬಹುಕಾಲ ಅಡಗಿರುತ್ತದೆ. ಸಿಎಸ್‌ಎಪಿಪಿ ತನ್ನ ಸಹಾಯಕ ಫಂಕ್ಷನ್‌ಗಳಲ್ಲಿ ಮಡಚಿಟ್ಟದ್ದು ಇದನ್ನೇ.

ಈ ದಾರಿಯ ಜೊತೆಗಾರ ಎಸ್‌ಟ್ರೇಸ್ ಎಂಬ ಉಪಕರಣ. ಯಾವುದೇ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಪ್ರತಿ ಕರೆಯನ್ನೂ (ಸಿಸ್ಟಂ ಕಾಲ್) ಅದು ಸಾಲುಸಾಲಾಗಿ ತೋರಿಸುತ್ತದೆ. ಕಚೇರಿಯಲ್ಲಿ ಓಡುತ್ತಿರುವ ಸರ್ವರ್ ಯಾಕೆ ಕಲ್ಲಾಗಿ ಕುಳಿತಿದೆ ಎಂದು ಹುಡುಕುವವರಿಗೆ ಇದರಷ್ಟು ಬೇಗ ಫಲ ಕೊಡುವ ಕಲಿಕೆ ಇನ್ನೊಂದಿಲ್ಲ.

ನ್ಯೂನತೆಯೂ ಸ್ಪಷ್ಟ. ಮೆಮೊರಿಯ ವಿಷಯದಲ್ಲಿ ಈ ದಾರಿ ಬಡವಾದದ್ದು. ಮ್ಯಾಲಕ್ ಕರೆಯುತ್ತೀರಿ, ಫ್ರೀ ಮಾಡುತ್ತೀರಿ, ನಡುವೆ ನಡೆದದ್ದು ಗೊತ್ತಾಗುವುದಿಲ್ಲ. ಜೊತೆಗೆ, ಯಾರೂ ಲ್ಯಾಬ್ ಕೊಡುವುದಿಲ್ಲ, ಅಂಕ ಹಾಕುವುದಿಲ್ಲ. ಸ್ವಂತ ಶಿಸ್ತು ಇಲ್ಲದವರು ಸರ್ವರ್ ಓಡಿದ ಸಂತೋಷದಲ್ಲೇ ನಿಂತುಬಿಡುತ್ತಾರೆ.

ಭಾಷೆಯ ಜಗಳ

ಸಿ, ರಸ್ಟ್, ಗೋ ಇವುಗಳಲ್ಲಿ ಯಾವುದು ಎಂಬ ಚರ್ಚೆಗೆ ಜನ ವ್ಯಯಿಸುವ ಸಮಯದಲ್ಲಿ ಒಂದು ಶೆಲ್ ಬರೆದು ಮುಗಿಸಬಹುದು. ನನ್ನ ಅಭಿಪ್ರಾಯ ನೇರ: ಮೇಲಿನ ಯಾವ ದಾರಿ ಹಿಡಿದರೂ ಮೊದಲು ಸಿ. ಅದು ಶ್ರೇಷ್ಠ ಭಾಷೆ ಎಂದಲ್ಲ, ಸಿಸ್ಟಂ ಕಾಲ್‌ಗೂ ನಿಮಗೂ ನಡುವೆ ಅದು ಏನನ್ನೂ ಅಡ್ಡ ಇಡುವುದಿಲ್ಲ ಎಂದು.

ಗೋ ಭಾಷೆಯಲ್ಲಿ ಎಕೋ ಸರ್ವರ್ ಇಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ, ಸಾವಿರಾರು ಗ್ರಾಹಕರನ್ನೂ ತಾಳುತ್ತದೆ. ಪ್ರತಿ ಗೊರುಟೀನ್ (ಗೋ ಭಾಷೆಯ ಹಗುರವಾದ ಏಕಕಾಲಿಕ ಕೆಲಸ) ಕೇವಲ 2 ಕಿಲೋಬೈಟ್ ಸ್ಟ್ಯಾಕ್‌ನಿಂದ ಹೊರಡುತ್ತದೆ. ಕೆಳಗೆ ಭಾಷೆಯ ಸ್ವಂತ ಶೆಡ್ಯೂಲರ್ ಮತ್ತು ಹಲವು ಸಾಕೆಟ್‌ಗಳನ್ನು ಒಟ್ಟಿಗೆ ಕಾಯುವ ಲಿನಕ್ಸ್‌ನ ಇಪೋಲ್ ಸದ್ದಿಲ್ಲದೆ ದುಡಿಯುತ್ತವೆ. ಕೆಲಸಕ್ಕೆ ಅದ್ಭುತ. ಆದರೆ ನಾವು ನೋಡಬೇಕೆಂದು ಹೊರಟದ್ದನ್ನೇ ಅದು ಮುಚ್ಚುತ್ತದೆ. ಸಿ ಭಾಷೆಯಲ್ಲಿ ಒಮ್ಮೆ ಇಪೋಲ್ ಬಳಸಿ ಬರೆದ ಮೇಲೆ ಗೋ ಸರ್ವರ್ ಮೇಲೆ ಎಸ್‌ಟ್ರೇಸ್ ಓಡಿಸಿ ನೋಡಿ. ಆಗ ಅದರ ಬೆಲೆ ತಿಳಿಯುತ್ತದೆ.

ರಸ್ಟ್‌ನ ಮಾತು ಬೇರೆ. 2015ರಲ್ಲಿ 1.0 ಆವೃತ್ತಿ ಬಂದ ಈ ಭಾಷೆ 2022ರ ಡಿಸೆಂಬರ್‌ನ 6.1ನೇ ಆವೃತ್ತಿಯಲ್ಲಿ ಲಿನಕ್ಸ್ ಕರ್ನಲ್‌ನೊಳಗೂ ಕಾಲಿಟ್ಟಿತು. ಬಳಸಿ ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ತಪ್ಪನ್ನು ಅದರ ಕಂಪೈಲರ್ ಓಡುವ ಮೊದಲೇ ತಡೆಯುತ್ತದೆ. ಆ ತಪ್ಪನ್ನು ಸಿ ಭಾಷೆಯಲ್ಲಿ ಮಾಡಿ, ಮೆಮೊರಿ ತಪ್ಪುಗಳನ್ನು ಹುಡುಕುವ ಅಡ್ರೆಸ್ ಸ್ಯಾನಿಟೈಜರ್ ಅದನ್ನು ಹಿಡಿಯುವುದನ್ನು ನೋಡಿದವರಿಗೆ ರಸ್ಟ್‌ನ ಕಟ್ಟುಪಾಡುಗಳು ಅರ್ಥಪೂರ್ಣ. ನೋಡದವರಿಗೆ ಅವು ಬರಿಯ ಕಿರುಕುಳ. ಎರಡನೆಯ ಭಾಷೆಯಾಗಿ ಬರಲಿ.

ಯಾರಿಗೆ ಯಾವುದು

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಅದರಲ್ಲೂ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿರುವವರಿಗೆ, ಸಿಎಸ್‌ಎಪಿಪಿ. ವಿಟಿಯು ಕಾಲೇಜುಗಳ ಓಎಸ್ ಲ್ಯಾಬ್‌ನಲ್ಲಿ ರೌಂಡ್ ರಾಬಿನ್, ಬ್ಯಾಂಕರ್ಸ್ ಅಲ್ಗಾರಿದಂಗಳನ್ನು ಸಿ ಅರೇಗಳಲ್ಲಿ ಅನುಕರಿಸಿ ತೋರಿಸುವುದು ಬಹುಕಾಲದ ವಾಡಿಕೆ. ಅದು ಗಣಿತ, ಆಪರೇಟಿಂಗ್ ಸಿಸ್ಟಂ ಅನ್ನು ಮುಟ್ಟಿದಂತೆ ಆಗುವುದಿಲ್ಲ. ಆ ಕೊರತೆಯನ್ನು ಬಾಂಬ್, ಶೆಲ್, ಮ್ಯಾಲಕ್ ಲ್ಯಾಬ್‌ಗಳು ತುಂಬುತ್ತವೆ. ಪುಸ್ತಕದ ಹನ್ನೆರಡು ಅಧ್ಯಾಯಗಳನ್ನೂ ಓದಬೇಕಿಲ್ಲ. ಪ್ರೊಸೆಸರ್ ವಿನ್ಯಾಸದ ನಾಲ್ಕನೆಯದನ್ನು ಧಾರಾಳವಾಗಿ ಬಿಡಿ. 2, 3, 8, 9 ಬಿಡಲಾಗದವು. ಸಮಯವಿದ್ದರೆ ಕ್ಯಾಶ್ ಕುರಿತ 6.

ವೆಬ್ ಬ್ಯಾಕೆಂಡ್ ಅಥವಾ ಕ್ಲೌಡ್ ಕೆಲಸದಲ್ಲಿದ್ದು ರಾತ್ರಿ ಒಂದು ಗಂಟೆ ಓದಬಲ್ಲವರಿಗೆ ಮೂರನೆಯ ದಾರಿ. ಆರು ತಿಂಗಳು ಅಸೆಂಬ್ಲಿ ಓದಿ ಆಮೇಲೆ ಸಾಕೆಟ್‌ಗೆ ಬರುವಷ್ಟು ತಾಳ್ಮೆ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಸರ್ವರ್ ಕೆಡಿಸುತ್ತಾ ಕಲಿತು, ಫೋರ್ಕ್ ಒಳಗೆ ಏನಿದೆಯೆಂಬ ಕುತೂಹಲ ಕೆರಳಿದಾಗ ಎಕ್ಸ್‌ವಿ6ಗೆ ಇಳಿಯಬಹುದು. ಈ ಕ್ರಮ ನನಗೆ ಅತ್ಯಂತ ಮೆಚ್ಚುಗೆಯದು. ಕರ್ನಲ್, ಡ್ರೈವರ್, ವರ್ಚುವಲೈಸೇಷನ್ ಕೆಲಸವೇ ಗುರಿಯಾದವರು ಮಾತ್ರ ನೇರವಾಗಿ ಎರಡನೆಯದಕ್ಕೆ ಹೋಗಲಿ, ಅದೂ ಸಿ ಪಾಯಿಂಟರ್‌ಗಳ ಭಯ ಬಿಟ್ಟ ಮೇಲೆ.

ಗೇಟ್ ಪರೀಕ್ಷೆ ಎದುರಿಗಿದ್ದರೆ ಈ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಅಲ್ಲಿ ಕೇಳುವುದು ಪುಟಕೋಷ್ಟಕದ ಗಾತ್ರ, ಶೆಡ್ಯೂಲಿಂಗ್‌ನ ಸರಾಸರಿ ಕಾಯುವಿಕೆ, ಟಿಸಿಪಿ ವಿಂಡೋ ಲೆಕ್ಕ. ಸಿಲ್ಬರ್‌ಶಾಟ್ಸ್ ಮತ್ತು ಗ್ಯಾಲ್ವಿನ್ ಪಠ್ಯ, ಹಿಂದಿನ ಪ್ರಶ್ನೆಪತ್ರಿಕೆಗಳು ಸಾಕು. ‘ತ್ರೀ ಈಸಿ ಪೀಸಸ್’ನ ಮೊದಲ ಭಾಗ ನೆರವಾದೀತು.

ಯಂತ್ರದ ಪ್ರಶ್ನೆಯೂ ಆಯ್ಕೆಯನ್ನು ಬದಲಿಸಬಹುದು. ಸಿಎಸ್‌ಎಪಿಪಿಯ ಬಾಂಬ್ ಮತ್ತು ಅಟ್ಯಾಕ್ ಲ್ಯಾಬ್‌ಗಳು ಎಕ್ಸ್86-64 ಲಿನಕ್ಸ್‌ಗೆಂದು ಕಂಪೈಲ್ ಆದವು. ಎಂ ಸರಣಿಯ ಚಿಪ್ ಇರುವ ಮ್ಯಾಕ್‌ನಲ್ಲಿ ಅವು ನೇರವಾಗಿ ಓಡುವುದಿಲ್ಲ, ಬಾಡಿಗೆಯ ಲಿನಕ್ಸ್ ಸರ್ವರ್ ಒಂದನ್ನು ಹಿಡಿಯುವುದು ಸುಲಭ. ಎಕ್ಸ್‌ವಿ6 ಕ್ಯೂಎಂಯು ಎಂಬ ಅನುಕರಣ ಯಂತ್ರದೊಳಗೆ ಓಡುವುದರಿಂದ ಅದಕ್ಕೆ ಹೊರಗಿನ ಚಿಪ್‌ನ ಹಂಗಿಲ್ಲ, ಆ ಯಂತ್ರಕ್ಕೆ ಬೇಕಾದ ಮೆಮೊರಿಯೂ 128 ಮೆಗಾಬೈಟ್ ಮಾತ್ರ. ವಿಂಡೋಸ್‌ನವರು ಡಬ್ಲ್ಯೂಎಸ್‌ಎಲ್2 ಹಾಕಿಕೊಂಡರೆ ಮೂರು ದಾರಿಗಳೂ ತೆರೆದುಕೊಳ್ಳುತ್ತವೆ. ಮನೆಯ ಮೂಲೆಯಲ್ಲಿ 4 ಗಿಗಾಬೈಟ್‌ನ ಹಳೆಯ ಲ್ಯಾಪ್‌ಟಾಪ್ ಬಿದ್ದಿದ್ದರೆ ಅದಕ್ಕೆ ಲಿನಕ್ಸ್ ಹಾಕಿ. ಎರಡನೆಯ ಯಂತ್ರವೊಂದಿದ್ದರೆ ಎಕೋ ಸರ್ವರನ್ನು ವೈಫೈ ಮೇಲೆ ಪರೀಕ್ಷಿಸಬಹುದು, ಸಂದೇಶ ಸಾಗುತ್ತಿರುವಾಗಲೇ ಸಂಪರ್ಕ ಕಡಿದು ಸರ್ವರ್ ಏನು ಮಾಡುತ್ತದೆಂದೂ ನೋಡಬಹುದು.